ಕರಾವಳಿಯಲ್ಲಿ ಬಾಡಿಗೆ ಮನೆ: ಯಾವ ಪೇಟೆ, ಯಾವ ಕಾಲ, ಯಾವ ಲೆಕ್ಕ

ನಿವೃತ್ತಿಯ ಹೊಸ್ತಿಲಲ್ಲಿ ನಿಂತಿರುವ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಇಂದು ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ಒಂದೇ: ಇನ್ನು ಊರಿಗೆ ಹೋಗಿ ನೆಲೆಸುವುದೇ, ಇಲ್ಲವೇ? ನಮ್ಮ ಹಿರಿಯರ ಕಾಲದಲ್ಲಿ ಊರು ಎಂಬ ಶಬ್ದಕ್ಕೆ ಖಚಿತವಾದ ಅರ್ಥವಿತ್ತು. ಊರೆಂದರೆ ತರವಾಡು ಮನೆ, ಅದರ ಮುಂದಿನ ಗದ್ದೆ, ಬಾವಿಕಟ್ಟೆ, ದೈವಸ್ಥಾನ. ಈಗ ಮನೆ ಪಾಲಾಗಿದೆ, ಗದ್ದೆ ಹಡಿಲು ಬಿದ್ದಿದೆ, ಊರಲ್ಲಿ ಉಳಿದ ದಾಯಾದಿಗಳ ಮಕ್ಕಳು ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೊರಟುಹೋಗಿದ್ದಾರೆ. ಆದುದರಿಂದ ಊರಿಗೆ ಮರಳುವುದು ಎಂದರೆ ಹುಟ್ಟಿದ ಹಳ್ಳಿಗೇ ಮರಳುವುದು ಎಂದು ಇಂದು ತಿಳಿಯಬೇಕಾಗಿಲ್ಲ. ಆ ಹಳ್ಳಿಗೆ ಸಮೀಪದ, ಆಸ್ಪತ್ರೆಯೂ ರೈಲು ನಿಲ್ದಾಣವೂ ಇರುವ ಕರಾವಳಿಯ ಒಂದು ಪೇಟೆಯಲ್ಲಿ ಬಾಡಿಗೆಗೆ ಮನೆ ಹಿಡಿದು ಒಂದೆರಡು ವರ್ಷ ಇದ್ದು ನೋಡುವ ದಾರಿಯೊಂದಿದೆ. ಈ ದಾರಿಯ ಕುರಿತು ನಮ್ಮ ಸಮಾಜದ ಬಂಧುಗಳಲ್ಲಿ ಚರ್ಚೆ ಸಾಕಷ್ಟಿಲ್ಲವೆಂಬುದು ನಮ್ಮ ಭಾವನೆ.

ಬಾಡಿಗೆಯೇ ಏಕೆ, ಸ್ವಂತ ಮನೆ ಏಕಾಗಬಾರದು ಎಂದು ಕೇಳುವವರಿದ್ದಾರೆ. ಉತ್ತರ ಕರಾವಳಿಯ ರಸ್ತೆಬದಿಗಳಲ್ಲೇ ನಿಂತಿದೆ. ಮೂಲ್ಕಿಯಿಂದ ಬೈಂದೂರಿನವರೆಗೆ ಒಳರಸ್ತೆಗಳಲ್ಲಿ ಸಾಗಿದರೆ ಮುಂಬಯಿಯ ದುಡಿಮೆಯಿಂದ ಕಟ್ಟಿಸಿದ, ಎರಡು ಮಾಳಿಗೆಯ, ಬೀಗ ಜಡಿದ ಮನೆಗಳು ಕಾಣಸಿಗುತ್ತವೆ. ವರ್ಷಕ್ಕೊಮ್ಮೆ ಕೋಲಕ್ಕೋ ನಾಗಾರಾಧನೆಗೋ ಬಾಗಿಲು ತೆರೆಯುತ್ತದೆ. ಉಳಿದ ಕಾಲದಲ್ಲಿ ಗೋಡೆಗೆ ಪಾಚಿ, ಮರದ ಬಾಗಿಲಿಗೆ ಗೆದ್ದಲು. ಡೊಂಬಿವಲಿಯ ಅಥವಾ ಮೀರಾ ರೋಡಿನ ಮನೆಯನ್ನು ಮಾರಿ, ಆ ಹಣವನ್ನು ಊರಿನ ಸಿಮೆಂಟಿಗೆ ಸುರಿದ ಮೇಲೆ ಮನಸ್ಸು ಒಗ್ಗದಿದ್ದರೆ ಮರಳಿ ಬರಲು ಮುಂಬಯಿಯಲ್ಲಿ ಜಾಗವೇ ಇರುವುದಿಲ್ಲ. ಬಾಡಿಗೆಯ ಮನೆಯಾದರೆ ಕಳೆದುಕೊಳ್ಳುವುದು ಕೆಲವು ತಿಂಗಳ ಹಣ ಮಾತ್ರ. ಮುಂಬಯಿಯ ಮನೆಯನ್ನು ಮಾರದೆ ಬಾಡಿಗೆಗೆ ಕೊಟ್ಟರೆ, ಆ ಮೊತ್ತದೊಳಗೆ ಕರಾವಳಿಯ ಬಾಡಿಗೆ ಹೆಚ್ಚಿನ ಕಡೆ ಆರಾಮವಾಗಿ ಹೊಂದಿಕೊಳ್ಳುತ್ತದೆ.

ಮನೆ ನೋಡಲು ಹೋಗುವ ಕಾಲದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಮೇ ತಿಂಗಳ ರಜೆಯಲ್ಲಿ ಅಥವಾ ಡಿಸೆಂಬರಿನ ಜಾತ್ರೆಯ ಸಮಯದಲ್ಲಿ ಹೋಗಿ, ಸುಂದರವಾದ ಸಂಜೆಯೊಂದರಲ್ಲಿ ಮನೆ ಮೆಚ್ಚಿ ಮುಂಗಡ ಕೊಟ್ಟು ಬರುತ್ತಾರೆ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಅಥವಾ ಅದಕ್ಕಿಂತಲೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ನಾಲ್ಕು ತಿಂಗಳಲ್ಲಿ. ಮುಂಬಯಿಯ ಮಳೆಯನ್ನು ಕಂಡವರಿಗೂ ಇದು ಬೇರೆಯೇ ಅನುಭವ. ಮುಂಬಯಿಯಲ್ಲಿ ಮಳೆ ಬಂದರೂ ಕಚೇರಿ, ಲೋಕಲ್ ರೈಲು, ನೆರೆಹೊರೆ ಎಲ್ಲವೂ ಇದ್ದೇ ಇರುತ್ತವೆ. ಇಲ್ಲಿ ಪತ್ತನಾಜೆಯ ನಂತರ ಕೋಲ, ನೇಮ, ಯಕ್ಷಗಾನದ ಆಟಗಳು ನಿಲ್ಲುತ್ತವೆ. ಮೇಳದವರೇ ಮಳೆಗಾಲದಲ್ಲಿ ಪ್ರದರ್ಶನಕ್ಕೆ ಮುಂಬಯಿಗೆ ಬರುತ್ತಾರೆ! ಆಟಿ ತಿಂಗಳ ಮಧ್ಯಾಹ್ನವೊಂದರಲ್ಲಿ ವಿದ್ಯುತ್ ಇಲ್ಲದ ಮನೆಯಲ್ಲಿ ಇಬ್ಬರೇ ಕುಳಿತಿರುವಾಗ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ತಿಳಿದುಕೊಂಡ ಮೇಲೆಯೇ ದೀರ್ಘಕಾಲದ ನಿರ್ಧಾರ ಮಾಡಬೇಕು. ಆದಕಾರಣ ನಮ್ಮ ಸಲಹೆ ಇಷ್ಟು: ಮನೆಯನ್ನು ಮಳೆ ಸುರಿಯುವಾಗ ನೋಡಿರಿ, ಸಾಧ್ಯವಾದರೆ ಕರಾರನ್ನು ಜೂನ್‌ನಿಂದಲೇ ಆರಂಭಿಸಿರಿ. ಮೊದಲ ಮಳೆಗಾಲ ಕಳೆದವರಿಗೆ ಉಳಿದ ಎಂಟು ತಿಂಗಳು ಹಬ್ಬವೇ ಸರಿ.

ಇನ್ನು ಪೇಟೆಯ ಆಯ್ಕೆ. ಅರುವತ್ತು ದಾಟಿದವರಿಗೆ ಮೊದಲ ಮಾನದಂಡ ಕಡಲೂ ಅಲ್ಲ, ಬಾಡಿಗೆಯೂ ಅಲ್ಲ, ಆಸ್ಪತ್ರೆ. ಎದೆನೋವು ಬಂದ ರಾತ್ರಿ ಎಷ್ಟು ನಿಮಿಷದಲ್ಲಿ ಹೃದ್ರೋಗ ತಜ್ಞರ ಮುಂದೆ ಇರುತ್ತೇವೆ ಎಂಬ ಲೆಕ್ಕ ಮೊದಲು ಮಾಡಬೇಕು. ಈ ಲೆಕ್ಕದಲ್ಲಿ ಕರ್ನಾಟಕದ ಕರಾವಳಿ ಎರಡಾಗಿ ಸೀಳಿಹೋಗಿದೆ. ದಕ್ಷಿಣದಲ್ಲಿ ಮಂಗಳೂರಿನಲ್ಲಿ ಸರಕಾರಿ ವೆನ್ಲಾಕ್ ಆಸ್ಪತ್ರೆಯ ಜೊತೆಗೆ ಹಲವು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಉಡುಪಿಯ ಬಳಿ ಮಣಿಪಾಲದಲ್ಲಿ, 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಆರಂಭಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಮತ್ತು ಅದರ ದೊಡ್ಡ ಆಸ್ಪತ್ರೆ ಇದೆ. ಕುಂದಾಪುರ ದಾಟಿ ಉತ್ತರಕ್ಕೆ ಹೋದಂತೆ ಈ ಸೌಕರ್ಯ ತೆಳ್ಳಗಾಗುತ್ತದೆ. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಇದೆಯಾದರೂ, ಕ್ಲಿಷ್ಟ ಚಿಕಿತ್ಸೆಗಾಗಿ ಉತ್ತರ ಕನ್ನಡದ ಜನ ಗೋವಾಕ್ಕೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ಧಾವಿಸುವುದು ರೂಢಿಯಾಗಿದೆ. ಹೊನ್ನಾವರದಿಂದ ಮಣಿಪಾಲಕ್ಕೆ ಸುಮಾರು 130 ಕಿ.ಮೀ. 2022ರ ಜುಲೈಯಲ್ಲಿ ಹೊನ್ನಾವರದಿಂದ ಕುಂದಾಪುರದತ್ತ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಸಮೀಪದ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಮೃತಪಟ್ಟಾಗ, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಮುಗಿಲು ಮುಟ್ಟಿತ್ತು. ಆ ಕೂಗಿನ ಹಿಂದಿನ ನೋವನ್ನು ಮನೆ ಹುಡುಕುವವರು ಮರೆಯಬಾರದು.

ಹಾಗೆಂದು ಉತ್ತರ ಕನ್ನಡವನ್ನು ಬಿಟ್ಟೇಬಿಡಿ ಎಂದು ನಾವು ಹೇಳುತ್ತಿಲ್ಲ. ಸೌಂದರ್ಯದಲ್ಲಿ ಅದಕ್ಕೆ ಎಣೆಯಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಒಂದರ ನಂತರ ಒಂದರಂತೆ ಕಡಲು ಸೇರುವ ಈ ನಾಡು, ಐವತ್ತರ ಆಸುಪಾಸಿನ, ಆರೋಗ್ಯ ಗಟ್ಟಿಯಿರುವ ದಂಪತಿಗಳಿಗೆ ಬಹಳ ಒಪ್ಪುತ್ತದೆ. ತರುಣ ರವೀಂದ್ರನಾಥ ಠಾಕೂರರು ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ಉಳಿದುಕೊಂಡು ಕಾರವಾರದ ಕಡಲಿಗೆ ಮನಸೋತದ್ದನ್ನು ಅಲ್ಲಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಅವರ ಹೆಸರಿನ ಕಡಲತೀರವೇ ಅಲ್ಲಿದೆ. ನೌಕಾನೆಲೆ ಮತ್ತು ಕೈಗಾ ಅಣುವಿದ್ಯುತ್ ಸ್ಥಾವರದಿಂದಾಗಿ ಕಾರವಾರದಲ್ಲಿ ಹೊರಗಿನಿಂದ ಬಂದ ನೌಕರವರ್ಗ ದೊಡ್ಡದು. ಬಾಡಿಗೆ ಕೊಡುವ, ತೆಗೆದುಕೊಳ್ಳುವ ವ್ಯವಹಾರಕ್ಕೆ ಆ ಪೇಟೆ ಹೊಸದಲ್ಲ. ಕೊಂಕಣಿ ಮನೆಮಾತಿನವರಿಗೆ, ಮಕ್ಕಳು ಗೋವಾದಲ್ಲೋ ಪುಣೆಯಲ್ಲೋ ಇರುವವರಿಗೆ ಅದು ಅನುಕೂಲದ ಪೇಟೆ. ಕುಮಟಾ, ಹೊನ್ನಾವರಗಳಲ್ಲಿ ಪೇಟೆಯ ಗಾತ್ರ ಚಿಕ್ಕದು, ಜನ ಆತ್ಮೀಯರು, ಘಟ್ಟದ ಮೇಲಿನ ಶಿರಸಿಯ ಸಂಪರ್ಕವೂ ಇದೆ. ಆದರೆ ರಸ್ತೆಯ ವಿಷಯ ಗಮನದಲ್ಲಿರಲಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು (ಇದು ಮೇಲೆ ಹೇಳಿದ ಬೈಂದೂರಿನ ಶಿರೂರಲ್ಲ) ಪ್ರಾಣಹಾನಿಯಾಗಿ ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಮುಚ್ಚಿತ್ತು. ಅದೇ ಆಗಸ್ಟಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಬಿತ್ತು. ಒಂದೇ ಹೆದ್ದಾರಿಯನ್ನು ನಂಬಿದ ನಾಡಿನಲ್ಲಿ ಆಸ್ಪತ್ರೆಯ ದೂರವನ್ನು ಕಿಲೋಮೀಟರಿನಲ್ಲಿ ಮಾತ್ರ ಅಳೆಯಲಾಗುವುದಿಲ್ಲ.

ಮಂಗಳೂರಿನ ಬಗ್ಗೆ ವಾಚಕರಿಗೆ ಹೆಚ್ಚು ಹೇಳಬೇಕಾಗಿಲ್ಲ. ವಿಮಾನ, ಬಂದರು, ಕಾಲೇಜು, ಮಾಲು ಎಲ್ಲವೂ ಇರುವ ನಗರವದು. ಮುಂಬಯಿಯಿಂದ ಬಂದವರು ತೀರಾ ಪರಕೀಯರಾಗುವುದಿಲ್ಲ. ಕದ್ರಿ, ಬಿಜೈ, ಮಣ್ಣಗುಡ್ಡೆಯಂಥ ಹಳೆಯ ಬಡಾವಣೆಗಳಲ್ಲಿ ನಡೆದೇ ಹೋಗಬಹುದಾದ ಅಂಗಡಿ, ದೇವಸ್ಥಾನಗಳಿವೆ, ಬಾಡಿಗೆ ಮಾತ್ರ ಕರಾವಳಿಯಲ್ಲಿ ದುಬಾರಿಯದ್ದು. ಕೊಟ್ಟಾರ ಚೌಕಿಯಂಥ ತಗ್ಗು ಪ್ರದೇಶಗಳಲ್ಲಿ ಜೋರು ಮಳೆಗೆ ನೀರು ನಿಲ್ಲುವುದುಂಟು, ನೆಲಮಾಳಿಗೆಯ ಪಾರ್ಕಿಂಗ್ ಇರುವ ಕಟ್ಟಡವಾದರೆ ವಿಚಾರಿಸಿಯೇ ಮುಂದುವರಿಯಬೇಕು. ಸುರತ್ಕಲ್ ಕಡೆ ಬಾಡಿಗೆ ಇಳಿಯುತ್ತದೆ, ರೈಲು ನಿಲ್ದಾಣ ಹತ್ತಿರ, ಆದರೆ ಬೈಕಂಪಾಡಿ ಮತ್ತು ತೈಲ ಶುದ್ಧೀಕರಣಾಗಾರದ ಕೈಗಾರಿಕಾ ವಲಯ ಪಕ್ಕದಲ್ಲೇ ಇದೆ. ಉಬ್ಬಸದ ತೊಂದರೆಯಿರುವವರು ಗಾಳಿ ಬೀಸುವ ದಿಕ್ಕನ್ನು ನೋಡಿಕೊಳ್ಳಲಿ.

ನಮ್ಮನ್ನು ಕೇಳಿದರೆ, ಹಿರಿಯ ದಂಪತಿಗಳಿಗೆ ಉಡುಪಿ ಮತ್ತು ಅದರ ಸುತ್ತಮುತ್ತಲೇ ಹೆಚ್ಚು ಅನುಕೂಲ. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ನಂತರ ಸರಕಾರಿ ಕಚೇರಿಗಳೆಲ್ಲ ಅಲ್ಲಿಯೇ ಬಂದಿವೆ. ಮಣಿಪಾಲದ ಆಸ್ಪತ್ರೆ ಕೇವಲ ನಾಲ್ಕೈದು ಕಿ.ಮೀ. ದೂರದಲ್ಲಿದೆ, ಸಿಟಿ ಬಸ್ಸುಗಳು ನಿಮಿಷಕ್ಕೊಂದರಂತೆ ಓಡುತ್ತವೆ. ಆದರೆ ಮಣಿಪಾಲದಲ್ಲಿಯೇ ಮನೆ ಹಿಡಿಯುವುದು ಅನಗತ್ಯ ಖರ್ಚು. ಅಲ್ಲಿ ಬಾಡಿಗೆಯನ್ನು ನಿರ್ಧರಿಸುವವರು ದೇಶದ ಎಲ್ಲೆಡೆಯಿಂದ ಬರುವ ವಿದ್ಯಾರ್ಥಿಗಳು. ಒಂದು ಮನೆಗೆ ನಾಲ್ವರು ಸೇರಿ ಕೊಡುವ ಹಣದ ಜೊತೆ ಒಬ್ಬ ಪಿಂಚಣಿದಾರ ಸ್ಪರ್ಧಿಸಲಾರ. ಇಂದ್ರಾಳಿ, ಕುಂಜಿಬೆಟ್ಟು, ಅಂಬಲಪಾಡಿ, ಸಂತೆಕಟ್ಟೆಯ ಕಡೆ ನೋಡುವುದು ಲೇಸು. ಇಂದ್ರಾಳಿಯಲ್ಲಿ ರೈಲು ನಿಲ್ದಾಣವೂ ಇದೆ. ಶ್ರೀಕೃಷ್ಣ ಮಠದ ರಥಬೀದಿಯ ಆಸುಪಾಸಿನ ಮನೆ ಹಲವರ ಕನಸು. ಆದರೆ ಎರಡು ವರ್ಷಕ್ಕೊಮ್ಮೆ ಬರುವ ಪರ್ಯಾಯದ ಜನವರಿಯಲ್ಲಿ ಅಲ್ಲಿ ಹೆಜ್ಜೆ ಇಡಲು ಸ್ಥಳವಿರುವುದಿಲ್ಲ, ಉಳಿದ ದಿನಗಳಲ್ಲೂ ವಾಹನ ನಿಲ್ಲಿಸುವುದು ಕಷ್ಟ. ಮತ್ತೊಂದು ಮಾತು. ಕೆಲವು ಮಾಲಕರು ಶಾಕಾಹಾರಿಗಳಿಗೆ ಮಾತ್ರ ಮನೆ ಕೊಡುತ್ತಾರೆ. ಮಲ್ಪೆಯ ತಾಜಾ ಬಂಗುಡೆಗೆಂದೇ ಊರಿಗೆ ಮರಳುವವರು ಇದನ್ನು ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಲಿ, ಸಂಕೋಚ ಬೇಡ. ಜೂನ್ ಮತ್ತು ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಬಂಗುಡೆಯ ದರ ಮುಂಬಯಿಯನ್ನೇ ನೆನಪಿಸೀತು.

ಕುಂದಾಪುರಕ್ಕೆ ಬೇರೆಯೇ ಗುಣವಿದೆ. ಮೂರು ಕಡೆ ನೀರು, ನಡುವೆ ಪೇಟೆ. ಐದು ನದಿಗಳು ಕೂಡಿ ಕಡಲು ಸೇರುವ ಜಾಗ. ಮುಂಬಯಿಯ ಹೋಟೆಲು ಉದ್ಯಮದಲ್ಲಿ ಬದುಕು ಕಟ್ಟಿಕೊಂಡ ಎಷ್ಟೋ ಮನೆತನಗಳ ಮೂಲ ಈ ತಾಲೂಕು. ಕುಂದಗನ್ನಡದ ಸೊಗಡಿನಲ್ಲಿ ಬೆಳೆದವರಿಗೆ ಅಂಗಡಿಯಲ್ಲಿ ನಿಂತು ಮಾತಾಡುವುದೇ ಒಂದು ಔಷಧ. ಮಣಿಪಾಲ ಸುಮಾರು 40 ಕಿ.ಮೀ., ಚತುಷ್ಪಥ ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆಯ ಹಾದಿ. ರೈಲು ನಿಲ್ದಾಣ ಮಾತ್ರ ಪೇಟೆಯಿಂದ ಹೊರಗೆ, ರಾತ್ರಿ ಇಳಿಯುವವರು ರಿಕ್ಷಾವನ್ನು ಮೊದಲೇ ಹೇಳಿಟ್ಟಿರಬೇಕು. ಸದ್ದುಗದ್ದಲ ಬೇಡವೆನ್ನುವವರಿಗೆ ಕೋಟೇಶ್ವರ, ಕೋಟ, ಸಾಲಿಗ್ರಾಮದ ಕಡೆ ತೋಟದ ನಡುವಿನ ಬಿಡಿ ಮನೆಗಳು ಸಿಗುತ್ತವೆ. ಮೂಲ್ಕಿ, ಪಡುಬಿದ್ರಿ, ಕಾಪು ಕೂಡ ಮಂಗಳೂರು ಮತ್ತು ಉಡುಪಿಗಳ ನಡುವೆ ಇರುವುದರಿಂದ ಒಳ್ಳೆಯ ಆಯ್ಕೆಗಳೇ.

ಕಡಲತೀರದಲ್ಲಿಯೇ ಮನೆ ಬೇಕೆನ್ನುವವರಿಗೆ ಎರಡು ಮಾತು. ಉಳ್ಳಾಲ, ಸೋಮೇಶ್ವರಗಳಲ್ಲಿ ಕಡಲ್ಕೊರೆತ ಮನೆಗಳನ್ನೇ ನುಂಗಿದೆ. ಮರವಂತೆಯಲ್ಲಿ ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಸಮುದ್ರ, ನಡುವೆ ಹೆದ್ದಾರಿ: ನೋಡಲು ಅದ್ಭುತ, ವಾಸಕ್ಕೆ ಮಳೆಗಾಲದಲ್ಲಿ ಆತಂಕ. ಅಪಾಯವಿಲ್ಲದ ಕಡೆಯೂ ಉಪ್ಪುಗಾಳಿ ಫ್ರಿಜ್, ಹವಾನಿಯಂತ್ರಕ, ಕಿಟಕಿಯ ಸರಳು, ಸ್ಕೂಟರ್ ಎಲ್ಲವನ್ನೂ ತಿನ್ನುತ್ತದೆ. ಕಡಲಿನಿಂದ ಎರಡು ಮೂರು ಕಿ.ಮೀ. ಒಳಗೆ ಮನೆಯಿದ್ದು, ಸಂಜೆ ರಿಕ್ಷಾ ಹಿಡಿದು ತೀರಕ್ಕೆ ಹೋಗಿಬರುವುದು ಜಾಣತನ.

ಮನೆಯನ್ನು ನೋಡುವಾಗ ಗೋಡೆಯ ಬಣ್ಣಕ್ಕಿಂತ ಮಾಡನ್ನು ನೋಡಬೇಕು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿಯ ಮನೆಗಳಿಗೆ ಇಳಿಜಾರು ಹೆಂಚಿನ ಮಾಡು ಗುರುತಾಯಿತು, ಈ ಮಳೆಗೆ ಅದೇ ಸರಿಯಾದ ಉತ್ತರ. ಚಪ್ಪಟೆ ತಾರಸಿಯ ಮನೆಗಳಲ್ಲಿ ನಾಲ್ಕೈದು ಮಳೆಗಾಲಗಳಲ್ಲೇ ಒಸರು ಆರಂಭವಾಗುವುದುಂಟು. ಆದುದರಿಂದಲೇ ತಾರಸಿಯ ಮೇಲೆ ತಗಡಿನ ಛಾವಣಿ ಹೊದಿಸುವುದು ಇಂದು ಎಲ್ಲೆಡೆ ಕಾಣುತ್ತದೆ. ಕಣ್ಣಿಗೆ ಅಂದವಲ್ಲ, ಆದರೆ ಅದಿರುವ ಮನೆಯೇ ಬಾಡಿಗೆದಾರನಿಗೆ ಸುಖ. ಬಟ್ಟೆ ಒಣಗಿಸಲೂ ಅಲ್ಲಿಯೇ ಜಾಗ. ಬಹುಮಹಡಿ ಕಟ್ಟಡವಾದರೆ ಕೊನೆಯ ಮಹಡಿ ಬೇಡ. ಲಿಫ್ಟಿಗೆ ಜನರೇಟರ್ ಇದೆಯೇ ಎಂದು ಕೇಳಿರಿ, ಮಂಡಿನೋವಿನವರಿಗೆ ಗಾಳಿಮಳೆಯ ದಿನ ಅದರ ಬೆಲೆ ತಿಳಿಯುತ್ತದೆ.

ಇಷ್ಟು ಮಳೆಯ ನಾಡಿನಲ್ಲಿ ನೀರಿಗೆ ಬರವೇ ಎಂದು ಆಶ್ಚರ್ಯ ಪಡಬೇಡಿರಿ. ಮಂಗಳೂರು ನೇತ್ರಾವತಿಯ ತುಂಬೆ ಅಣೆಕಟ್ಟನ್ನೂ ಉಡುಪಿ ಸ್ವರ್ಣಾ ನದಿಯ ಬಜೆ ಅಣೆಕಟ್ಟನ್ನೂ ನೆಚ್ಚಿಕೊಂಡಿವೆ. ಬೇಸಗೆಯಲ್ಲಿ ಹೊಳೆ ಬತ್ತಿದರೆ ನಳ್ಳಿ ಒಣಗುತ್ತದೆ. 2019ರ ಬೇಸಗೆಯಲ್ಲಿ ಎರಡೂ ನಗರಗಳು ನೀರನ್ನು ಸರದಿಯಂತೆ ಹಂಚಬೇಕಾಯಿತು. ಕೆಂಪುಕಲ್ಲಿನ ನೆಲ ಮಳೆನೀರನ್ನು ಬೇಗ ಹೀರುತ್ತದೆ, ಬೇಗ ಬಿಟ್ಟುಕೊಡುತ್ತದೆ. ನವೆಂಬರಿನಲ್ಲಿ ತುಂಬಿದ ಬಾವಿ ಎಪ್ರಿಲಿನಲ್ಲಿ ತಳ ಕಾಣಿಸುತ್ತದೆ. ಹೊಳೆಬಾಯಿಯ ಸಮೀಪದ ಬಾವಿಗಳಿಗೆ ಬೇಸಗೆಯಲ್ಲಿ ಉಪ್ಪುನೀರು ನುಗ್ಗುವುದೂ ಇದೆ. ಆದಕಾರಣ ಮಾಲಕರಲ್ಲಿ ‘ನೀರಿದೆಯೇ’ ಎಂದು ಕೇಳಿದರೆ ಸಾಲದು, ‘ಮೇ ತಿಂಗಳ ಕೊನೆಯ ವಾರ ಬಾವಿಯಲ್ಲಿ ಎಷ್ಟು ನೀರಿರುತ್ತದೆ, ರುಚಿ ಹೇಗಿರುತ್ತದೆ’ ಎಂದು ಕೇಳಬೇಕು. ಅದನ್ನೇ ಪಕ್ಕದ ಮನೆಯವರಲ್ಲಿಯೂ ಕೇಳಿದರೆ ನಿಜ ಹೊರಬರುತ್ತದೆ.

ಕರಾರಿನ ವಿಷಯದಲ್ಲಿ ಮುಂಬಯಿಯವರಿಗೆ ಒಂದು ವ್ಯತ್ಯಾಸ ತಿಳಿದಿರಬೇಕು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಅವಧಿ ಎಷ್ಟೇ ಇರಲಿ, ಬಾಡಿಗೆ ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಬೇಕು. ಆ ಅಭ್ಯಾಸದಿಂದ ಬಂದವರಿಗೆ ಕರಾವಳಿಯ ರೀತಿ ಸಡಿಲವೆನಿಸೀತು. ಇಲ್ಲಿ ಹನ್ನೊಂದು ತಿಂಗಳ ಕರಾರನ್ನು ಛಾಪಾ ಕಾಗದದಲ್ಲಿ ಬರೆದು ಸಹಿ ಹಾಕುವುದು ರೂಢಿ. ಒಂದು ವರ್ಷ ಮೀರಿದ ಗೇಣಿಗೆ ಮಾತ್ರ ನೋಂದಣಿ ಕಡ್ಡಾಯವೆಂದು 1908ರ ನೋಂದಣಿ ಕಾಯಿದೆ ಹೇಳುವುದರಿಂದ ಈ ಹನ್ನೊಂದರ ಸಂಖ್ಯೆ ಹುಟ್ಟಿಕೊಂಡಿತು. ಪರಿಚಯದವರ ಮನೆ, ಜಾತಿಬಾಂಧವರ ಮನೆ ಎಂದು ಬಾಯಿಮಾತಿನಲ್ಲೇ ಮುಗಿಸುವವರಿದ್ದಾರೆ. ಕಾಗದವಿಲ್ಲದೆ ಪ್ರವೇಶಿಸಬೇಡಿರಿ, ಸ್ನೇಹ ಉಳಿಯಲಿಕ್ಕಾಗಿಯೇ ಕಾಗದ ಬೇಕು. ಮುಂಗಡ ಎಷ್ಟು, ಯಾವಾಗ ಹಿಂದಿರುಗಿಸಬೇಕು, ಬಣ್ಣ ಬಳಿಯುವ ಖರ್ಚು ಯಾರದು, ಒಸರಿದರೆ ದುರಸ್ತಿ ಎಷ್ಟು ದಿನದಲ್ಲಿ, ತೆಂಗಿನಕಾಯಿ ಯಾರಿಗೆ ಎಂಬವುಗಳನ್ನೂ ಬರೆಯಿಸಿರಿ. ತೆಂಗಿನಕಾಯಿಯ ಮಾತು ಕೇಳಿ ನಗಬೇಡಿ, ಹಿತ್ತಿಲಿನ ಎರಡು ಮರಗಳಿಂದ ಕೆಟ್ಟ ಸಂಬಂಧಗಳು ಕಡಿಮೆಯೇನಿಲ್ಲ. ತಿಂಗಳ ಬಾಡಿಗೆಯೇ ಬೇಡ, ದೊಡ್ಡ ಮೊತ್ತ ಕೊಟ್ಟು ಭೋಗ್ಯಕ್ಕೆ ಇರಿ ಎಂದು ಯಾರಾದರೂ ಹೇಳಿದರೆ ನಿವೃತ್ತಿಯ ಹಣವನ್ನು ಅಲ್ಲಿ ಇಡುವುದು ಬೇಡವೆಂದೇ ನಮ್ಮ ಅಭಿಪ್ರಾಯ. ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು ಮಾಲಕ ಕಂತು ತಪ್ಪಿಸಿದರೆ ಹಣ ಮರಳಿ ಪಡೆಯುವುದು ದೊಡ್ಡ ಹೋರಾಟವಾಗುತ್ತದೆ.

ವಿದ್ಯುತ್ ಮೀಟರ್ ಪ್ರತ್ಯೇಕವಾಗಿದೆಯೇ ಎಂಬುದನ್ನೂ ನೋಡಿರಿ. ಕರ್ನಾಟಕ ಸರಕಾರ 2023ರಲ್ಲಿ ಜಾರಿಗೆ ತಂದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರಿಗೂ ಅವಕಾಶ ಕಲ್ಪಿಸಲಾಗಿತ್ತು. ಮಾಲಕರ ಮನೆಗೂ ನಿಮ್ಮ ಮನೆಗೂ ಒಂದೇ ಮೀಟರ್ ಇದ್ದರೆ ಅದರ ಪ್ರಯೋಜನವೂ ಇಲ್ಲ, ಲೆಕ್ಕದ ಜಗಳವೂ ತಪ್ಪುವುದಿಲ್ಲ.

ಮುಂಬಯಿಯಲ್ಲಿ ಮಕ್ಕಳು, ಮೊಮ್ಮಕ್ಕಳು ಇರುವಾಗ ಓಡಾಟ ತಪ್ಪಿದ್ದಲ್ಲ. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದ ಮೇಲೆ ಊರು ಒಂದು ರಾತ್ರಿಯ ದೂರಕ್ಕೆ ಬಂದಿತು. ಆ ಹಳಿ ಇಲ್ಲದಿದ್ದರೆ ಈ ಲೇಖನದ ವಿಷಯವೇ ಹುಟ್ಟುತ್ತಿರಲಿಲ್ಲ. ಆದರೆ ಎಲ್ಲ ರೈಲುಗಳೂ ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವುದಿಲ್ಲ. ಉಡುಪಿ, ಕಾರವಾರಗಳಿಗೆ ನಿಲುಗಡೆ ಹೆಚ್ಚು. ಅಂಕೋಲಾ, ಬಾರ್ಕೂರು, ಮೂಲ್ಕಿಯಂಥ ಕಡೆ ಕಡಿಮೆ. ಮಳೆಗಾಲದ ವೇಳಾಪಟ್ಟಿಯಲ್ಲಿ ವೇಗ ತಗ್ಗುತ್ತದೆ, ಸಮಯ ಬದಲಾಗುತ್ತದೆ. 2024ರ ನವೆಂಬರಿನಿಂದ ಮುಂಗಡ ಕಾದಿರಿಸುವಿಕೆ 120 ದಿನಗಳಿಂದ 60 ದಿನಗಳಿಗೆ ಇಳಿದಿರುವುದರಿಂದ ಗಣೇಶ ಚತುರ್ಥಿ ಮತ್ತು ಮೇ ತಿಂಗಳ ಟಿಕೇಟಿಗೆ ದಿನ ಎಣಿಸಿ ಕುಳಿತುಕೊಳ್ಳಬೇಕಾಗುತ್ತದೆ.

ಜನರೊಂದಿಗೆ ಹೊಂದಿಕೊಳ್ಳುವ ಪ್ರಶ್ನೆ ಯಾವ ಕಾಯಿದೆಯಲ್ಲೂ ಇಲ್ಲ. ನಲವತ್ತು ವರ್ಷ ಮುಂಬಯಿಯಲ್ಲಿದ್ದವರನ್ನು ಊರವರು ‘ಬೊಂಬಾಯಿಯವರು’ ಎಂದೇ ಕರೆಯುತ್ತಾರೆ. ಆ ಶಬ್ದದಲ್ಲಿ ಗೌರವವೂ ಇದೆ, ದೇಣಿಗೆಯ ನಿರೀಕ್ಷೆಯೂ ಇದೆ. ಬ್ರಹ್ಮಕಲಶೋತ್ಸವದ ರಶೀದಿ ಪುಸ್ತಕ ಮೊದಲ ತಿಂಗಳಲ್ಲೇ ಬಾಗಿಲಿಗೆ ಬರುತ್ತದೆ, ಕೊಡುವ ಮಿತಿಯನ್ನು ದಂಪತಿಗಳು ಮೊದಲೇ ನಿಶ್ಚಯಿಸಿಕೊಂಡಿರಲಿ. ಸ್ವಂತ ಹಳ್ಳಿಯಿಂದ ಹತ್ತಿಪ್ಪತ್ತು ಕಿ.ಮೀ. ದೂರದ ಪೇಟೆಯಲ್ಲಿ ಬಾಡಿಗೆಗಿರುವುದರ ಗುಟ್ಟಿನ ಲಾಭವೂ ಇದೇ: ಸಂಬಂಧಿಕರು ಬರುವಷ್ಟು ಹತ್ತಿರ, ದಿನವೂ ಬರಲಾಗದಷ್ಟು ದೂರ. ಇನ್ನೊಂದು ಕಡೆ, ಹೆಂಗಸರ ಮಾತನ್ನು ಕೇಳದೆ ಊರಿಗೆ ಹೊರಡುವ ಗಂಡಸರು ನಮ್ಮಲ್ಲಿ ಬಹಳ. ಗಂಡನಿಗೆ ಊರೆಂದರೆ ಬಾಲ್ಯದ ಗೆಳೆಯರು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹೆಂಡತಿಗೆ ಅದು ಅತ್ತೆಮನೆಯ ನೆನಪು ಮಾತ್ರ ಆಗಿರಬಹುದು. ಅವರ ಭಜನಾ ಮಂಡಳಿ, ಮಹಿಳಾ ವಿಭಾಗ, ಲೋಕಲ್ ರೈಲಿನ ಗೆಳತಿಯರು ಇಲ್ಲಿಯೇ ಉಳಿಯುತ್ತಾರೆ. ಪೇಟೆಯನ್ನು ಆರಿಸುವಾಗ ಅವರು ಒಬ್ಬರೇ ಹೊರಗೆ ಹೋಗಿ ಬರಬಹುದಾದ ಬಸ್ಸು, ಅಂಗಡಿ, ದೇವಸ್ಥಾನ, ಗ್ರಂಥಾಲಯ ನಡಿಗೆಯ ದೂರದಲ್ಲಿವೆಯೇ ಎಂದು ಅವರೇ ನೋಡಿ ಒಪ್ಪಬೇಕು.

ಹೊರಡುವ ಮುನ್ನ ಕಾಗದಪತ್ರಗಳ ಕೆಲಸ ಸ್ವಲ್ಪ ಇದೆ. ಮುಂಬಯಿಯ ಕಾರನ್ನು ಜೊತೆಗೆ ಒಯ್ಯುವವರು ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಪಡೆದಿರಬೇಕು. ಹನ್ನೆರಡು ತಿಂಗಳು ಮೀರಿ ಬೇರೆ ರಾಜ್ಯದಲ್ಲಿ ಇಟ್ಟುಕೊಂಡ ವಾಹನವನ್ನು ಅಲ್ಲಿ ಮರುನೋಂದಣಿ ಮಾಡಿಸಬೇಕೆಂದು ಮೋಟಾರು ವಾಹನ ಕಾಯಿದೆ ಹೇಳುತ್ತದೆ, ಕರ್ನಾಟಕದ ತೆರಿಗೆಯೂ ಹಗುರವಲ್ಲ. ಹಳೆಯ ಕಾರಾದರೆ ಇಲ್ಲಿಯೇ ಮಾರಿ ಹೋಗುವುದು ಉತ್ತಮ. ಆರೋಗ್ಯ ವಿಮೆಯ ಪುಸ್ತಕವನ್ನು ತೆರೆದು, ನೀವು ಹೋಗುವ ಪೇಟೆಯ ಯಾವ ಆಸ್ಪತ್ರೆಯಲ್ಲಿ ನಗದಿಲ್ಲದ ಚಿಕಿತ್ಸೆ ಸಿಗುತ್ತದೆ ಎಂಬುದನ್ನು ಮನೆ ಗೊತ್ತುಮಾಡುವ ಮೊದಲೇ ವಿಚಾರಿಸಿರಿ. ಹಳೆಯ ವೈದ್ಯರಿಂದ ರೋಗದ ಸಂಪೂರ್ಣ ವಿವರವನ್ನು ಬರೆಯಿಸಿ ತೆಗೆದುಕೊಳ್ಳಿರಿ. ಮುಂಬಯಿಯ ಮನೆಯನ್ನು ಬಾಡಿಗೆಗೆ ಕೊಡುವುದಾದರೆ ಅದರ ಅವಧಿಯನ್ನೂ ಹನ್ನೊಂದು ತಿಂಗಳಿಗೇ ಇಡಿರಿ, ಮೊದಲ ಮಳೆಗಾಲದ ನಂತರ ಮರಳುವ ಮನಸ್ಸಾದರೆ ಬೀಗದ ಕೈ ನಿಮ್ಮ ಬಳಿಗೇ ಬರುವಂತಿರಲಿ.